ನಾನು ಮಾಡದ ಮೂರು ಸಾಲ, ನನ್ನ ಫೋನಲ್ಲಿದ್ದ ಆರುನೂರು ಆಧಾರ್

ಫೆಬ್ರುವರಿ ಎರಡನೇ ವಾರ. ರೋಬಸ್ಟಾ ಕಾಫಿ ಕೊಯ್ಲು ಮುಗೀತಾ ಬಂದಿತ್ತು. ಗಿಡ ಹೂಬಿಡೋಕೆ ಬೇಕಾದ ಹೂಮಳೆ ನಂಬಿಕೊಂಡು ಕೂರುವ ಕಾಲ ಇದಲ್ಲ, ಸ್ಪ್ರಿಂಕ್ಲರ್‌ಗೆ ಹೊಸ ಮೋಟಾರ್ ಹಾಕಿಸೋಣ ಅಂತ ಚಿಕ್ಕಮಗಳೂರಿನ ಒಂದು ಬ್ಯಾಂಕಿಗೆ ಹೋಗಿದ್ದೆ. ಕೇಳಿದ್ದು ಎರಡೂವರೆ ಲಕ್ಷ. ಪಹಣಿ, ಕಂದಾಯ ರಸೀದಿ, ಪಾಸ್‌ಬುಕ್ಕು ಎಲ್ಲ ಒಂದೇ ಫೈಲಲ್ಲಿ ಜೋಡಿಸಿಕೊಂಡು, ಮದುವೆಗೆ ಹೊರಟವನ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು. ಮ್ಯಾನೇಜರ್ ಕಂಪ್ಯೂಟರ್ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಕಂಪ್ಯೂಟರ್ ನೋಡಿದರು.

"ಆ್ಯಪ್‌ನಲ್ಲಿ ಸಾಲ ತಗೊಂಡು ಕಟ್ಟೇ ಇಲ್ವಲ್ಲ ನೀವು?"

ನನಗೆ ನಗು ಬಂತು. ನಾನು ಆ್ಯಪಲ್ಲಿ ಕರೆಂಟ್ ಬಿಲ್ ಕಟ್ಟೋದನ್ನೇ ಮಗಳ ಹತ್ತಿರ ಕಲಿತವನು. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಎಂಟು ಸಾವಿರ, ಹನ್ನೆರಡೂವರೆ ಸಾವಿರ, ಹದಿನೈದು ಸಾವಿರ. ಮೂರು ಸಾಲ. ಮೂರರ ಮುಂದೆಯೂ ನನ್ನ ಹೆಸರು, ನನ್ನ ಪ್ಯಾನ್ ನಂಬರ್. ಒಂದೇ ಒಂದು ಕಂತೂ ಕಟ್ಟಿಲ್ಲ. ಮೊದಲನೆಯದು ತೆಗೆದದ್ದು ಕಳೆದ ಜುಲೈಯಲ್ಲಿ. ಜುಲೈ ಅಂದರೆ ನಮ್ಮ ಆಲ್ದೂರು ಕಡೆ ಕರೆಂಟು ಬಂದರೆ ಹಬ್ಬ, ಟವರ್ ಸತ್ತರೆ ಫೋನ್ ಹಿಡಿದು ಗುಡ್ಡ ಹತ್ತಬೇಕು. ಆ ಮಳೆಯಲ್ಲಿ ಕೂತು ನಾನು ಆನ್‌ಲೈನ್ ಸಾಲ ಎತ್ತಿದೆನಂತೆ.

ಮೋಟಾರ್ ಸಾಲ ಅಲ್ಲಿಗೇ ನಿಂತಿತು. "ಮೊದಲು ಇದನ್ನ ಕ್ಲಿಯರ್ ಮಾಡ್ಕೊಂಡು ಬನ್ನಿ" ಅಂದರು. ಅವರನ್ನು ದೂರಿ ಪ್ರಯೋಜನವಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅಷ್ಟೇ ಹೇಳುತ್ತಿದ್ದೆ.

ಏಳು ತಿಂಗಳು ನನಗೆ ಯಾಕೆ ಗೊತ್ತಾಗಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ವಸೂಲಿಯವರ ಒಂದು ಫೋನೂ ನನಗೆ ಬರಲಿಲ್ಲ. ಮನೆಗೆ ಬಂದು ಮಗಳ ಕೈಲಿ ಪೂರ್ತಿ ಕ್ರೆಡಿಟ್ ರಿಪೋರ್ಟ್, ಅಂದರೆ ನನ್ನ ಸಾಲಗಳ ಚರಿತ್ರೆ, ಡೌನ್‌ಲೋಡ್ ಮಾಡಿಸಿದಾಗ ಕಾರಣ ಸಿಕ್ಕಿತು. ನನ್ನ ಹೆಸರಿನ ಕೆಳಗೆ ನನ್ನದಲ್ಲದ ಮೊಬೈಲ್ ನಂಬರ್, ನಾನು ಹುಟ್ಟಿಸದ ಇಮೇಲ್. ಬೈಗುಳವೆಲ್ಲ ಆ ನಂಬರಿಗೆ ಹೋಗುತ್ತಿತ್ತು, ಕೆಟ್ಟ ಹೆಸರು ಮಾತ್ರ ನನಗೆ ಉಳಿಯುತ್ತಿತ್ತು. ಯಾರಾದರೂ ನಮ್ಮ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿದರೆ ನಮಗೆ ಎಸ್ಸೆಮ್ಮೆಸ್ ಬರಬೇಕು ಅಂತ ಆರ್‌ಬಿಐ ನಿಯಮವೇ ಇದೆ. ದಾಖಲೆಯಲ್ಲಿರೋ ನಂಬರೇ ಕಳ್ಳನದಾದರೆ ಆ ಎಸ್ಸೆಮ್ಮೆಸ್ ಯಾರಿಗೆ ಹೋಗುತ್ತೆ ಹೇಳಿ.

ಈ ರಿಪೋರ್ಟು ವರ್ಷಕ್ಕೊಂದು ಸಲ ಪುಕ್ಕಟೆ ಸಿಗುತ್ತದೆ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸೇರಿ ನಾಲ್ಕು ಕಂಪನಿಗಳಿವೆ. ನಾಲ್ಕೂ ಕಡೆ ಬೇರೆ ಬೇರೆಯಾಗಿ ಒಂದೊಂದು ಕೇಳಬಹುದು. ನಾನು ಐವತ್ತೆರಡು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಕೇಳಿದ್ದರೆ ಎಂಟು ಸಾವಿರದ ಹೊತ್ತಿಗೇ ಗೊತ್ತಾಗುತ್ತಿತ್ತು.

ಅದೇ ರಾತ್ರಿ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಿದೆವು. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಅಲ್ಲಿ ತೋರಿಸುತ್ತದೆ. ನನ್ನದು ಎರಡು, ಅಮ್ಮನ ಕೀಪ್ಯಾಡ್ ಫೋನಿನದು ಒಂದು. ಪಟ್ಟಿಯಲ್ಲಿ ನಾಲ್ಕಿದ್ದವು. ನಾಲ್ಕನೆಯದರ ಕೊನೆಯ ಅಂಕಿಗಳೂ ರಿಪೋರ್ಟಿನ ಅಂಕಿಗಳೂ ಒಂದೇ. ಹೆಂಡತಿ ಅಡುಗೆಮನೆಯಿಂದ ಬಂದು ನೋಡಿ, "ನಿಮ್ಮ ಹೆಸರಲ್ಲಿ ಇನ್ಯಾರೋ ಸಂಸಾರ ಮಾಡ್ತಿದಾನಲ್ರೀ" ಅಂದಳು. "ಇದು ನನ್ನ ನಂಬರ್ ಅಲ್ಲ" ಅನ್ನುವುದನ್ನು ಒತ್ತಿದೆವು.

ಮರುದಿನ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಟ್ಟೆ. ಬರೆದುಕೊಂಡವರು ಮರ್ಯಾದೆಯಿಂದಲೇ ಮಾತಾಡಿದರು. ಬೇರೆಯವರ ಗುರುತು ಕದ್ದು ಬಳಸಿದರೆ ಐಟಿ ಕಾಯ್ದೆಯ 66ಸಿ ಸೆಕ್ಷನ್ನಿನಲ್ಲಿ ಮೂರು ವರ್ಷದವರೆಗೆ ಜೈಲು ಅಂತ ಹೇಳಿದರು. ಅಕೌಂಟಿನಿಂದ ಹಣ ಹೋಗಿದ್ದರೆ ಆ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಬೇಕು, ತಡ ಮಾಡಿದಷ್ಟೂ ಕೈ ತಪ್ಪುತ್ತದೆ ಅಂತಲೂ ಹೇಳಿದರು. ನಮ್ಮೂರಿನವರಿಗೆ ಈ ನಂಬರ್ ಮರೆಯಬಾರದು. ಮುಳ್ಳಯ್ಯನಗಿರಿಯ ಎತ್ತರವೂ ಹೆಚ್ಚುಕಡಿಮೆ 1930 ಮೀಟರೇ. ಅಮ್ಮನಿಗೆ ಹಾಗೆ ಹೇಳಿಕೊಟ್ಟಿದ್ದೇನೆ.

ಇನ್ನು ಸಾಲ ಕೊಟ್ಟ ಕಂಪನಿಗಳ ಕಥೆ. ಎರಡು ಕಂಪನಿ, ಅದರಲ್ಲಿ ಒಂದೇ ಕಂಪನಿ ಎರಡು ಸಾಲ ಕೊಟ್ಟಿತ್ತು. ಫೋನ್ ಎತ್ತಿದವರೆಲ್ಲ ಹಿಂದಿಯಲ್ಲಿ "ಮೊದಲು ಕಟ್ಟಿಬಿಡಿ ಸರ್, ಆಮೇಲೆ ನೋಡೋಣ" ಅನ್ನುವವರೇ. ಇಲ್ಲಿ ಎಚ್ಚರ. "ಹೋಗಲಿ, ಎಂಟು ಸಾವಿರ ತಾನೇ, ಕಟ್ಟಿ ಕೈತೊಳೆದುಕೊಳ್ಳೋಣ" ಅಂತ ನನಗೂ ಅನ್ನಿಸಿತ್ತು. ಕಟ್ಟಿದರೆ ಸಾಲ ನನ್ನದೇ ಅಂತ ಒಪ್ಪಿಕೊಂಡ ಹಾಗೆ. ಕಟ್ಟಲಿಲ್ಲ. ಇಮೇಲ್‌ನಲ್ಲೇ ಕೇಳಿದೆ: ಸಾಲ ಕೊಡುವಾಗ ನೀವು ತೆಗೆದುಕೊಂಡ ದಾಖಲೆ ಕಳಿಸಿ, ಹಣ ಹಾಕಿದ ಅಕೌಂಟ್ ಯಾರದು ಹೇಳಿ. ಎರಡು ಇಮೇಲಿಗೆ ಉತ್ತರವಿಲ್ಲ. ಮೂರನೆಯದರಲ್ಲಿ ಪೊಲೀಸ್ ದೂರಿನ ಪ್ರತಿ ಇಟ್ಟು, ಗಿರಾಕಿಗಳ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೆಯುತ್ತೇನೆ ಅಂತ ಸೇರಿಸಿದ ಮೇಲೆ ಒಂದು ಪಿಡಿಎಫ್ ಬಂತು.

ಆ ಪಿಡಿಎಫ್ ತೆರೆದ ಕ್ಷಣ ಮರೆಯೋಕಾಗಲ್ಲ. ಆಧಾರ್ ಕಾರ್ಡಿನ ಫೋಟೋ. ನನ್ನ ಹೆಸರು, ಅಪ್ಪನ ಹೆಸರು, ನಮ್ಮ ಮನೆ ವಿಳಾಸ, ಅಂಚೆ ಸಮೇತ. ಮುಖ ಮಾತ್ರ ಯಾವನೋ ಇಪ್ಪತ್ತೈದರ ಹುಡುಗನದು, ಕುರುಚಲು ಗಡ್ಡ, ನೀಲಿ ಗೋಡೆ. ಅದಕ್ಕಿಂತ ಹೊಟ್ಟೆ ತೊಳಸಿದ್ದು ಇನ್ನೊಂದು. ಕಾರ್ಡಿನ ಅಂಚಿನ ಆಚೆ ಒಂದು ಬೆರಳಗಲ ಜಾಗದಲ್ಲಿ ದ್ರಾಕ್ಷಿ ಗೊಂಚಲು ಕಾಣುತ್ತಿತ್ತು. ನೇರಳೆ ದ್ರಾಕ್ಷಿ, ಹಸಿರು ಎಲೆ, ಅದರ ಮೇಲೆ ಬಿಸಿ ಪಾತ್ರೆ ಇಟ್ಟು ಸುಟ್ಟ ಅರ್ಧಚಂದ್ರದ ಕಲೆ. ನಮ್ಮ ಊಟದ ಟೇಬಲ್ಲಿನ ಪ್ಲಾಸ್ಟಿಕ್ ಹಾಸು ಅದು. ನಾನೇ ನನ್ನ ಕೈಯಾರೆ ತೆಗೆದ ಫೋಟೋ.

ಹಾಗಾದರೆ ಇದನ್ನು ಯಾರಿಗೆ ಕಳಿಸಿದ್ದೆ? ಪೇಟೆಯ ಒಂದು ಝೆರಾಕ್ಸ್ ಅಂಗಡಿಗೆ ಅಂತ ನೆನಪಿತ್ತು. ನಾವೆಲ್ಲ ಮಾಡೋದು ಅದನ್ನೇ ತಾನೇ? ಗೋಡೆಗೆ ಅಂಟಿಸಿದ ನಂಬರಿಗೆ ವಾಟ್ಸ್ಯಾಪ್ ಮಾಡಿ, ಪ್ರಿಂಟ್ ತಗೊಂಡು, ಐದು ರೂಪಾಯಿ ಕೊಟ್ಟು ಬರೋದು. ಸಿಟ್ಟಲ್ಲಿ ಹೋದೆ. ಹುಡುಗ ಒಳ್ಳೆಯವನು, "ನೋಡಿ ಅಣ್ಣ" ಅಂತ ಕಂಪ್ಯೂಟರನ್ನೇ ಬಿಟ್ಟುಕೊಟ್ಟ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಸಾವಿರಗಟ್ಟಲೆ ಫೋಟೋ. ಯಾರದೋ ಜಾತಿ ಪ್ರಮಾಣಪತ್ರ, ಯಾರದೋ ಹೊಟ್ಟೆ ಸ್ಕ್ಯಾನಿಂಗ್, ಬ್ಯಾಂಕ್ ಪಾಸ್‌ಬುಕ್, ಒಂದು ಮಗುವಿನ ಜನನ ಪ್ರಮಾಣಪತ್ರ. ಅಳಿಸೋದು ಯಾಕೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಎದ್ದು ನಿಂತ ಮೇಲೆ ಆ ಕುರ್ಚಿಯಲ್ಲಿ ಇನ್ನೊಬ್ಬ ಗಿರಾಕಿ ಕೂತು ಅರ್ಜಿ ತುಂಬೋಕೆ ಶುರು ಮಾಡಿದ.

ಕಳ್ಳ ಸಿಕ್ಕ ಅಂದುಕೊಂಡು ಮನೆಗೆ ಬಂದೆ. ಮಗಳು ನನ್ನ ವಾಟ್ಸ್ಯಾಪ್ ಪೂರ್ತಿ ಜಾಲಾಡಿದಳು. ಅದೇ ದ್ರಾಕ್ಷಿಯ ಫೋಟೋವನ್ನು ನಾನು ಹನ್ನೊಂದು ಜನಕ್ಕೆ ಕಳಿಸಿದ್ದೆ. ಝೆರಾಕ್ಸ್ ಅಂಗಡಿ, ಇನ್ಷೂರೆನ್ಸ್ ಏಜೆಂಟ್, ಗ್ಯಾಸಿನವರು, ಧರ್ಮಸ್ಥಳ ಪ್ರವಾಸಕ್ಕೆ ಮಿನಿಬಸ್ ಗೊತ್ತು ಮಾಡಿದವನು, ಸಿಮ್ ಪೋರ್ಟ್ ಮಾಡಿಕೊಟ್ಟವನು, ಸೆಕೆಂಡ್ ಹ್ಯಾಂಡ್ ಬೈಕ್ ಮಾರಿದವನು, ಗೊಬ್ಬರದಂಗಡಿ, ಹೀಗೆ. ಇಬ್ಬರು ಯಾರು ಅಂತ ನನಗೇ ನೆನಪಾಗಲಿಲ್ಲ, ಹೆಸರೇ ಇಲ್ಲದ ನಂಬರು. ಆರು ಜನಕ್ಕೆ ಜೊತೆಯಲ್ಲೇ ಪ್ಯಾನ್ ಕಾರ್ಡೂ ಹೋಗಿತ್ತು. ಯಾರ ಕೈಯಿಂದ ಜಾರಿತೋ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗೋದೂ ಇಲ್ಲ. ಝೆರಾಕ್ಸ್ ಹುಡುಗನ ಮೇಲೆ ಕೂಗಾಡಿದ್ದಕ್ಕೆ ಆಮೇಲೆ ಹೋಗಿ ಸಾರಿ ಕೇಳಿ ಬಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮೋಸ ಹೋದ ಬಡಪಾಯಿ ಅಷ್ಟೇ. ಫೋನ್ ಕೈಯಲ್ಲೇ ಇಟ್ಟುಕೊಂಡಿದ್ದ ಮಗಳು ಗ್ಯಾಲರಿಗೂ ಹೋದಳು. "ಅಪ್ಪಾ, ಇವರೆಲ್ಲ ಯಾರು?"

ನಾವು ಮನೆ ಪಕ್ಕದ ಎರಡು ರೂಮನ್ನು ಹೋಮ್‌ಸ್ಟೇ ಮಾಡಿ ಆರು ವರ್ಷವಾಯಿತು. ಬರುವವರ ವಿವರ ಇಟ್ಟುಕೊಳ್ಳಬೇಕು ಅಂತ ಪ್ರತಿಯೊಬ್ಬರ ಆಧಾರ್ ಫೋಟೋ ಹೊಡೆದುಕೊಳ್ಳುತ್ತಿದ್ದೆ. ಹಿಂದೆ ಮುಂದೆ ಎರಡೂ ಕಡೆ. ಹೋದವರದ್ದನ್ನು ಅಳಿಸಿದ್ದೇ ಇಲ್ಲ. ಎಣಿಸಿದರೆ ಆರುನೂರ ಚಿಲ್ಲರೆ. ಅದಷ್ಟೂ ತಂತಾನೇ ಗೂಗಲ್ ಫೋಟೋಸ್‌ಗೆ ಹೋಗಿ, ಅಲ್ಲಿಂದ ಮಗ ಗೇಮ್ ಆಡುವ ಟ್ಯಾಬ್‌ಗೂ ಬಂದು ಕೂತಿತ್ತು. ಸಾಲದ್ದಕ್ಕೆ ಕೆಲಸಕ್ಕಿದ್ದ ಹುಡುಗನಿಗೂ ನನಗೂ ಒಂದು ವಾಟ್ಸ್ಯಾಪ್ ಗ್ರೂಪ್. ನಾನು ತೋಟದಲ್ಲಿದ್ದರೆ ಅವನು ಫೋಟೋ ಹೊಡೆದು ಅದರಲ್ಲಿ ಹಾಕುತ್ತಿದ್ದ. ಅವನು ಬೆಂಗಳೂರಿಗೆ ಹೋಗಿ ಒಂದೂವರೆ ವರ್ಷ. ಗ್ರೂಪಿನಲ್ಲಿ ಇನ್ನೂ ಇದ್ದ. ಆ ಆರುನೂರು ಜನರ ಪಾಲಿಗೆ ನಾನೂ ಒಬ್ಬ "ಹೆಸರಿಲ್ಲದ ನಂಬರು" ಅಂತ ಆಗ ಹೊಳೆಯಿತು.

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು: ಆಧಾರ್ ಝೆರಾಕ್ಸ್ ಯಾರಿಗೂ ಕೊಡಬೇಡಿ, ಲೈಸೆನ್ಸ್ ಇಲ್ಲದ ಹೋಟೆಲ್, ಸಿನಿಮಾ ಹಾಲ್‌ನವರು ಪ್ರತಿ ಇಟ್ಟುಕೊಳ್ಳುವಂತಿಲ್ಲ ಅಂತ. ಎರಡೇ ದಿನಕ್ಕೆ, ತಪ್ಪು ತಿಳಿವಳಿಕೆಗೆ ಎಡೆ ಅಂತ ಹಿಂದಕ್ಕೆ ತಗೊಂಡರು. ಆಗ ನಮ್ಮ ಹೋಮ್‌ಸ್ಟೇಯವರೆಲ್ಲ ಫೋನಲ್ಲಿ ಮಾತಾಡಿಕೊಂಡು ನಕ್ಕಿದ್ದೆವು. ಮೊದಲು ಹೇಳಿದ್ದೇ ಸರಿಯಿತ್ತು ಅಂತ ಈಗ ನನ್ನ ಅಭಿಪ್ರಾಯ.

ಕಾನೂನು ಸುಮ್ಮನೆ ಕೂತಿಲ್ಲ ಅನ್ನೋದೂ ನಿಜ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು, ಅಂದರೆ 2027ರ ಮೇ. ಆಮೇಲೆ ನಿಮ್ಮ ಮಾಹಿತಿ ಯಾಕೆ ಬೇಕು ಅನ್ನುವ ನೋಟಿಸನ್ನು ಕನ್ನಡದಲ್ಲೇ ಕೇಳಬಹುದು, ಕೆಲಸ ಮುಗಿದ ಮೇಲೆ ಅಳಿಸಿ ಅನ್ನಬಹುದು. ಮಾಹಿತಿ ಕಾಪಾಡದಿದ್ದರೆ 250 ಕೋಟಿವರೆಗೆ ದಂಡ. ಕೇಳೋಕೆ ಚೆನ್ನಾಗಿದೆ. ಆದರೆ ಆ ದಂಡ ಹೋಗೋದು ಸರ್ಕಾರದ ಖಜಾನೆಗೆ, ಮೋಸ ಹೋದವನ ಜೇಬಿಗಲ್ಲ. ಇನ್ನೊಂದು ಮಾತು, ಮನೆಬಳಕೆಗೆ ಈ ಕಾಯ್ದೆಯಲ್ಲಿ ವಿನಾಯಿತಿ ಇದೆ, ದುಡ್ಡು ತಗೊಂಡು ರೂಮ್ ಕೊಡುವವನಿಗೆ ಅದು ಸಿಗೋದಿಲ್ಲ. ನಾಲ್ಕು ಎಕರೆ ರೋಬಸ್ಟಾ, ಎರಡು ರೂಮಿನ ನಾನೂ ಅದರ ಲೆಕ್ಕದಲ್ಲಿ "ಡೇಟಾ ಫಿಡ್ಯೂಷಿಯರಿ", ಅಂದರೆ ಬೇರೆಯವರ ಮಾಹಿತಿ ಇಟ್ಟುಕೊಂಡು ಅದಕ್ಕೆ ಹೊಣೆಯಾದವನು. ಹೆಸರು ಮಾತ್ರ ಎಸ್ಟೇಟ್ ಧಣಿಗಿಂತ ಜೋರಾಗಿದೆ.

ಈಗ ಮನೆಯಲ್ಲಿ ಏನೇನು ಬದಲಾಗಿದೆ ಹೇಳುತ್ತೇನೆ. ಪೂರ್ತಿ ನಂಬರ್ ಬೇಡದ ಕಡೆ ಮಾಸ್ಕ್ ಮಾಡಿದ ಆಧಾರ್ ಮಾತ್ರ ಕೊಡುತ್ತೇನೆ, ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಸಿಗುತ್ತೆ, ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದು ಮುಚ್ಚಿರುತ್ತದೆ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆ ಅಂತ ಧೈರ್ಯದಿಂದ ಕಳಿಸಬೇಡಿ. ಆ ಪಾಸ್‌ವರ್ಡ್ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ಇಸವಿ, ಅಷ್ಟೇ. ಝೆರಾಕ್ಸ್ ಕೊಡಲೇಬೇಕಾದರೆ ಕಾರ್ಡಿನ ಅಕ್ಷರಗಳ ಮೇಲೇ ಅಡ್ಡಲಾಗಿ ತಾರೀಕು, ಯಾರಿಗೆ, ಯಾವುದಕ್ಕೆ ಅಂತ ಬರೆದು ಸಹಿ ಹಾಕುತ್ತೇನೆ. ಅಂಚಿನಲ್ಲಿ ಬರೆದರೆ ಕತ್ತರಿಸಿ ಹಾಕುತ್ತಾರೆ.

ಅಮ್ಮನದೂ ನನ್ನದೂ ಬೆರಳಚ್ಚನ್ನು ಆಧಾರ್‌ನಲ್ಲಿ ಲಾಕ್ ಮಾಡಿಸಿದ್ದೇವೆ. ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳಚ್ಚು ಈ ಮೂರಿದ್ದರೆ ಎಇಪಿಎಸ್ ಅನ್ನುವ ಆಧಾರ್ ಆಧಾರಿತ ಹಣ ಪಾವತಿ ವ್ಯವಸ್ಥೆಯಲ್ಲಿ ಓಟಿಪಿ ಇಲ್ಲದೆ ಹಣ ತೆಗೆಯಬಹುದು. ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟು ನಕಲು ಮಾಡಿ ಹಣ ಎತ್ತಿದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ಸುದ್ದಿಯಾಗಿದ್ದವು. ನಮ್ಮದೂ ಪಾಲುಪತ್ರ ಆಗಿದೆ, ಅಮ್ಮನ ಹೆಬ್ಬೆಟ್ಟೂ ಅದರಲ್ಲಿದೆ. ರೇಷನ್ ಅಂಗಡಿಗೆ ಹೋಗುವ ಮೊದಲು ಲಾಕ್ ತೆಗೆಯೋದು ಮರೆತು ಒಂದು ಸಲ ಬೈಸಿಕೊಂಡದ್ದೂ ಆಯಿತು.

ಮೂರು ಸಾಲದಲ್ಲಿ ಎರಡು ರಿಪೋರ್ಟಿನಿಂದ ಹೋಗಿವೆ. ತಪ್ಪು ಮಾಹಿತಿಯ ದೂರನ್ನು 30 ದಿನದಲ್ಲಿ ಇತ್ಯರ್ಥ ಮಾಡದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2024ರ ಏಪ್ರಿಲ್‌ನಿಂದ ನಿಯಮವಿದೆ. ಅದನ್ನು ಇಮೇಲಿನಲ್ಲಿ ಬರೆದ ಮೇಲೆ ವೇಗ ಬಂತು. ದೂರು ಕೊಟ್ಟ ದಿನದ ನಂಬರ್, ತಾರೀಕು ಜೋಪಾನ, ಅದಿಲ್ಲದಿದ್ದರೆ ದಿನ ಎಣಿಸೋಕೆ ಆಗಲ್ಲ. ಮೂರನೆಯದು, ಹದಿನೈದು ಸಾವಿರದ್ದು, ಇನ್ನೂ ಅಲ್ಲೇ ಇದೆ. ಮೋಟಾರ್ ಬರಲಿಲ್ಲ. ಮಾರ್ಚಿನಲ್ಲಿ ಪಕ್ಕದ ತೋಟದವರ ಪಂಪ್‌ಸೆಟ್ ಬಾಡಿಗೆಗೆ ತಂದು ನೀರು ಹಾಯಿಸಿದೆ.

ಹಳೆಯ ಫೋಟೋಗಳನ್ನು ಅಳಿಸೋಕೆ ಎರಡು ಸಂಜೆ ಹಿಡಿಯಿತು. ಫೋನು, ಟ್ಯಾಬ್, ಗೂಗಲ್, ಅದರ ಕಸದ ಬುಟ್ಟಿ. ಬೆಂಗಳೂರಿನ ಹುಡುಗನಿಗೆ ಫೋನ್ ಮಾಡಿದೆ, ಅಳಿಸಿದೆ ಅಂದ, ನಂಬಬೇಕಷ್ಟೆ. ಈಗ ಗೆರೆ ಎಳೆದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕಾರ್ಡು ನೋಡಿ, ಕ್ಯೂಆರ್ ಸ್ಕ್ಯಾನ್ ಮಾಡಿ ಅಸಲಿಯೋ ಅಂತ ಖಾತ್ರಿ ಮಾಡಿಕೊಂಡು, ಹೆಸರು, ಊರು, ಫೋನ್, ಕೊನೆಯ ನಾಲ್ಕು ಅಂಕಿ ಬರೆದುಕೊಂಡು ಕಾರ್ಡ್ ವಾಪಸ್ ಕೊಡುತ್ತೇನೆ.

ಹೋದ ಶನಿವಾರ ಬೆಂಗಳೂರಿಂದ ಒಂದು ಕುಟುಂಬ ಬರೋದಿತ್ತು. "ಐಡಿ ಕಳಿಸೋದು ಬೇಡ, ಬಂದಾಗ ತೋರಿಸಿದರೆ ಸಾಕು" ಅಂತ ಮುಂಚೆಯೇ ಫೋನಲ್ಲಿ ಹೇಳಿದ್ದೆ. ಆಯ್ತು ಸರ್ ಅಂದರು. ಹತ್ತು ನಿಮಿಷಕ್ಕೆ ವಾಟ್ಸ್ಯಾಪ್ ಟಿಂಗ್ ಅಂದಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಐದೂ ಆಧಾರ್, ಹಿಂದೆ ಮುಂದೆ, ಹೂವಿನ ಬೆಡ್‌ಶೀಟಿನ ಮೇಲಿಟ್ಟು ತೆಗೆದ ಹತ್ತು ಫೋಟೋ. ಕೆಳಗೆ: "ಇರ್ಲಿ ಸರ್, ನಿಮ್ಮ ರೆಕಾರ್ಡಿಗೆ."