ಗದಗ ಸುತ್ತಲಿನ ಇತಿಹಾಸದ ಬೋರ್ಡುಗಳು: ಅವ್ವನ ಜೊತೆ ಓದಿ ಬಂದೆ

ಗುಡಿ ನೋಡಿ ಬಂದವರು ಗುಡಿಯ ಬಗ್ಗೆ ಬರೆಯುತ್ತಾರೆ. ನಾನು ಗುಡಿ ಮುಂದೆ ನಿಲ್ಲಿಸಿದ ಬೋರ್ಡಿನ ಬಗ್ಗೆ ಬರೆಯುತ್ತಿದ್ದೇನೆ. ಹೋದ ತಿಂಗಳು ಎರಡು ಭಾನುವಾರ ಅವ್ವನನ್ನು ಬೈಕ್ ಮೇಲೆ ಕೂರಿಸಿಕೊಂಡು ಗದಗ, ಲಕ್ಕುಂಡಿ, ಆಮೇಲೆ ಸುತ್ತಲಿನ ನಾಲ್ಕೈದು ಹಳ್ಳಿ ತಿರುಗಿದೆ. ಅವ್ವ ನಾಲ್ಕನೇ ಇಯತ್ತೆ ಓದಿದವಳು. ಕನ್ನಡ ಓದುತ್ತಾಳೆ, ನಿಧಾನಕ್ಕೆ, ಅಕ್ಷರದ ಕೆಳಗೆ ಬೆರಳಿಟ್ಟು. ಹಾಗಾಗಿ ಬೋರ್ಡ್ ಚೆನ್ನಾಗಿದೆಯೋ ಇಲ್ಲವೋ ಅನ್ನೋದಕ್ಕೆ ನನ್ನ ಲೆಕ್ಕ ಒಂದೇ. ಓದಿದ ಮೇಲೆ ಅವ್ವ ತಿರುಗಿ ಕಲ್ಲಿನ ಕಡೆ ನೋಡಿದಳಾ?

ಮೊದಲು ನೀಲಿ ಬೋರ್ಡು. ಸಂರಕ್ಷಿತ ಸ್ಮಾರಕ ಅಂತ ಶುರುವಾಗುತ್ತಲ್ವಾ, ಅದು. 1958ರ ಕಾಯ್ದೆಯ ಪ್ರಕಾರ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಇದು ಬೇಕೇ ಬೇಕು. ಕಂಬದ ಮೇಲೆ ಹೆಸರು ಕೆತ್ತುವವರು ಇನ್ನೂ ಇದ್ದಾರೆ. ಆದರೆ ಅದು ಕಾನೂನಿನ ಬೋರ್ಡು. ಕಥೆ ಹೇಳೋಕೆ ಇನ್ನೊಂದು ಬೇಕು.

ಆ ಇನ್ನೊಂದರದ್ದೇ ತೊಂದರೆ. ಒಂದು ಊರಿನ ಗುಡಿ, ಹೆಸರು ಬೇಡ. ಬೋರ್ಡಿಗೆ ದುಡ್ಡು ಖರ್ಚು ಮಾಡಿದ್ದಾರೆ, ನುಣ್ಣಗೆ ಪಾಲಿಶ್ ಮಾಡಿದ ಕರಿ ಕಲ್ಲು. ಹನ್ನೊಂದು ಗಂಟೆಗೆ ಹೋದರೆ ಬಿಸಿಲು ನೇರ ಅದರ ಮೇಲೆ ಬಿದ್ದು ನಮ್ಮ ಮುಖವೇ ಕಾಣುತ್ತೆ, ಅಕ್ಷರ ಕಾಣಲ್ಲ, ತುಂಬಿದ್ದ ಬಿಳಿ ಬಣ್ಣವೂ ಅಲ್ಲಲ್ಲಿ ಕಿತ್ತು ಹೋಗಿದೆ. ಅವ್ವ ಸೆರಗನ್ನು ಅಡ್ಡ ಹಿಡಿದು ನೆರಳು ಮಾಡಿಕೊಂಡು ಓದಿದಳು. ದ್ವಿಕೂಟ, ಅಧಿಷ್ಠಾನ, ಲಲಾಟಬಿಂಬ. ಮೂರನೇ ಸಾಲಿಗೆ ನಿಂತಳು.

“ದ್ವಿಕೂಟ ಅಂದ್ರೇನೋ ತಮ್ಮಾ?”

“ಎರಡು ಗರ್ಭಗುಡಿ ಇರೋದು, ಅವ್ವಾ.”

“ಹಂಗಂತ ಬರದ್ರ ಆಗ್ತಿರಲಿಲ್ಲೇನು?”

ಆಗ್ತಿತ್ತು. ಅದನ್ನೇ ನಾನೂ ಹೇಳೋದು.

ಲಕ್ಕುಂಡಿ ಗದಗದಿಂದ ಸುಮಾರು 12 ಕಿ.ಮೀ., ಕೊಪ್ಪಳದ ಕಡೆ ಹೋಗುವ ಹೆದ್ದಾರಿಯ ಮೇಲೇ. ಅಲ್ಲಿ ನಾನೇ ಅವ್ವನಿಗೆ ಬಾಯಲ್ಲಿ ಹೇಳುತ್ತಾ ಹೋದೆ. ಕಾಶಿವಿಶ್ವೇಶ್ವರದಲ್ಲಿ ಎರಡು ಗುಡಿ ಎದುರುಬದುರು, ದೊಡ್ಡದು ಶಿವನದ್ದು, ಸಣ್ಣದು ಸೂರ್ಯನದ್ದು. ಬಾಗಿಲವಾಡದ ಕೆತ್ತನೆ ಅಷ್ಟು ಸಣ್ಣಗೆ ಬಂದದ್ದು ಹೇಗೆ ಅಂದರೆ ಅದು ಬಳಪದ ಕಲ್ಲು, ಉಳಿಗೆ ಮೆದು. ಅವ್ವ ಶಾಲೆಯಲ್ಲಿ ಪಾಟಿ ಮೇಲೆ ಬರೆದದ್ದೇ ಬಳಪದಲ್ಲಿ. ಅಷ್ಟು ಹೇಳಿದ್ದೇ ತಡ, ಬಾಗಿಲಿನ ಹತ್ತಿರ ಹೋದಳು, ಮುಟ್ಟಲಿಲ್ಲ, ಮೂಗು ತಾಗುವಷ್ಟು ಹತ್ತಿರ ನಿಂತು ಬಳ್ಳಿ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಕಣ್ಣಲ್ಲೇ ಹಿಡಿದುಕೊಂಡು ಹೋದಳು.

ಬ್ರಹ್ಮ ಜಿನಾಲಯದ ಹತ್ತಿರ ಅತ್ತಿಮಬ್ಬೆಯ ಮಾತು ಬಂತು. ಅವಳನ್ನು ಹೊಗಳುವ ಲಕ್ಕುಂಡಿಯ ಶಾಸನ 1007ರದ್ದು. ಈ ಬಸದಿ ಕಟ್ಟಿಸಿದಳು, ರನ್ನನಿಗೆ ಆಸರೆಯಾದಳು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಅಚ್ಚು ಇಲ್ಲದ ಕಾಲ, ಒಂದೊಂದು ಓಲೆಯೂ ಕೈಯಿಂದಲೇ ಬರೆಯಬೇಕು. ಶಾಲೆ ಮಕ್ಕಳ ಟ್ರಿಪ್ ಬಂದಾಗ ಇದೊಂದು ಮಾತು ಅವರಿಗೆ ಸಿಕ್ಕರೆ ಸಾಕು ಅನ್ನಿಸುತ್ತೆ ನನಗೆ. ಮಾಣಿಕೇಶ್ವರದ ಪಕ್ಕದ ಮುಸುಕಿನ ಬಾವಿ ಮಾತ್ರ ಯಾವ ಬೋರ್ಡೂ ಇಲ್ಲದೆ ನಿಲ್ಲಿಸಿಕೊಳ್ಳುತ್ತೆ. ಮೆಟ್ಟಿಲು ಇಳಿಯುತ್ತಾ ಇದ್ದರೆ ಪಕ್ಕದಲ್ಲೇ ಪುಟ್ಟ ಪುಟ್ಟ ಗೂಡುಗುಡಿ. ಅರ್ಧ ಗಂಟೆ ಅಲ್ಲೇ ಕೂತಿದ್ದೆವು.

ಗದಗದ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬ, ಅಂದರೆ ಅವನು ಕೂತು ಭಾರತ ಬರೆದ ಅಂತ ಹೇಳುವ ಕಂಬ, ಯಾವುದು ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ಕಣಗಿನಹಾಳಕ್ಕೂ ಹೋಗಿ ಬನ್ನಿ, ದೇಶದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಶುರುವಾದ ಊರದು.

ನನಗೆ ಜಾಸ್ತಿ ಬೇಜಾರಾದದ್ದು ಒಂದು ವೀರಗಲ್ಲಿನ ಹತ್ತಿರ. ಬಸ್ ನಿಲ್ಲುವ ಜಾಗದ ಪಕ್ಕ, ಸುಣ್ಣ ಬಳಿದಿದ್ದಾರೆ, ಒಂದು ಸೈಕಲ್ ಆನಿಸಿದ್ದಾರೆ. ಸ್ವಲ್ಪ ದೂರದ ತಗಡಿನ ಬೋರ್ಡಿನಲ್ಲಿ ‘ಪುರಾತನ ವೀರಗಲ್ಲು’ ಅಂತ ಎರಡೇ ಪದ. ಅದರ ಮೇಲೆ ಯಾರದ್ದೋ ಹುಟ್ಟುಹಬ್ಬದ ಫ್ಲೆಕ್ಸ್ ಅರ್ಧ ಮುಚ್ಚಿತ್ತು. ಅವ್ವ ಅದನ್ನು ಇಷ್ಟು ದಿನ ಯಾವುದೋ ದೇವರು ಅಂದುಕೊಂಡು ಕೈಮುಗಿಯುತ್ತಿದ್ದಳಂತೆ. ಸೈಕಲ್ ಸರಿಸಿ, ಕೂತು, ಕೆಳಗಿನ ಸಾಲಿನಿಂದ ತೋರಿಸಿದೆ. ಸುಣ್ಣದ ಕೆಳಗೂ ಕತ್ತಿ ಹಿಡಿದ ಕೈ ಗೊತ್ತಾಗುತ್ತೆ, ಹಿಂದೆ ದನಗಳು. ಮೇಲಿನದ್ದಕ್ಕೆ ಬಂದಾಗ ಅವ್ವ ಸುಮ್ನೆ ನೋಡುತ್ತಾ ಕೂತಳು, ಆಮೇಲೆ “ದನಾ ಉಳಸಾಕ ಹೋಗಿ ಸತ್ತಾನಲ್ಲೋ, ಪಾಪ” ಅಂದಳು. ಯಾರದೋ ಮನೆಯ ಹುಡುಗ ಅನ್ನೋ ಹಾಗೆ.

ಒಟ್ಟಾರೆ ಈ ಬೋರ್ಡುಗಳಿಗೆ ಐದಕ್ಕೆ ಎರಡೂವರೆ ಕೊಡುತ್ತೇನೆ. ಹೋಗುವವರು ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಇಳಿಬಿಸಿಲಿಗಿಂತ ಎಳೆಬಿಸಿಲಿನಲ್ಲಿ ಆರಾಮಾಗಿ ನೋಡಬಹುದು. ಹೊಸ ಬೋರ್ಡ್ ಬರೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ವೀರಗಲ್ಲಿಗೆ ಇಷ್ಟು ಬರೆಸಿ ಸಾಕು, ದೊಡ್ಡ ಅಕ್ಷರದಲ್ಲಿ, ಕಲ್ಲಿನ ಪಕ್ಕದಲ್ಲೇ:

‘ಕೆಳಗಿನಿಂದ ಮೇಲಕ್ಕೆ ನೋಡಿ. ಕೆಳಗೆ, ಊರಿನ ದನಗಳಿಗಾಗಿ ಕಾದಾಡುತ್ತಿದ್ದಾನೆ. ನಡುವೆ, ಸತ್ತವನನ್ನು ಅಪ್ಸರೆಯರು ಕರೆದೊಯ್ಯುತ್ತಿದ್ದಾರೆ. ಮೇಲೆ, ಶಿವಲಿಂಗದ ಮುಂದೆ ಕೂತಿದ್ದಾನೆ. ತುದಿಯಲ್ಲಿ ಸೂರ್ಯ ಚಂದ್ರ, ಅವು ಇರುವ ತನಕ ಇವನ ಹೆಸರು ಇರಲಿ ಅಂತ.’