ನಾಲ್ಕು ವರ್ಷ ಬಳಸಿದ ಫಿಲೆಟ್ ಚಾಕು: ಹರಿತಕ್ಕಿಂತ ಮೊದಲು ಬಳುಕು ನೋಡಿ

ಮುಳ್ಳಿನಿಂದ ಮೀನಿನ ಮಾಂಸ (ಫಿಲೆಟ್) ಬಿಡಿಸುವ ಈ ಚಾಕು ಕೈಗೆ ಬಂದು ನಾಲ್ಕು ವರ್ಷ ಆಯ್ತು. ವಾರಕ್ಕೆ ಎರಡು ಸಲವಾದರೂ ಇದರಲ್ಲಿ ಮೀನು ಬಿಡಿಸುತ್ತೇನೆ. ಅಲಗು 7 ಇಂಚು, ಅಂದರೆ ಸುಮಾರು 18 ಸೆಂಟಿಮೀಟರ್. ಅಗಲ ಕಡಿಮೆ, ಮೊನೆ ಸ್ವಲ್ಪ ಮೇಲಕ್ಕೆ ಬಾಗಿದೆ. ಸ್ಟೇನ್‌ಲೆಸ್ ಸ್ಟೀಲ್, ರಬ್ಬರಿನಂಥ ಹಿಡಿ. ನೋಡಲು ತೀರಾ ಸಾಧಾರಣ. ಆದರೆ ಇದಕ್ಕೂ ಮುಂಚೆ ನನ್ನ ಬಳಿ ಇದ್ದ ಎರಡು ಚಾಕುಗಳಲ್ಲಿ ಇಲ್ಲದ್ದು ಇದರಲ್ಲಿದೆ: ಸರಿಯಾದ ಬಳುಕು.

ಮೊದಲು ನಾನು ಮಾಮೂಲಿ ಅಡುಗೆ ಚಾಕುವಿನಲ್ಲೇ ಮೀನು ಬಿಡಿಸುತ್ತಿದ್ದೆ. ಅದು ಒಳ್ಳೆ ಹರಿತವಾಗಿಯೇ ಇತ್ತು. ಆದರೂ ಪ್ರತಿ ಸಲ ಮುಳ್ಳಿಗೆ ಮಾಂಸ ಜಾಸ್ತಿ ಅಂಟಿಕೊಂಡು ಉಳಿಯುತ್ತಿತ್ತು. ತಪ್ಪು ನನ್ನ ಕೈಯದು ಅಂತಲೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಗಟ್ಟಿ ಅಲಗು ಮುಳ್ಳಿನ ಏರಿಳಿತ ಹಿಡಿದು ಹೋಗುವುದೇ ಇಲ್ಲ. ಕಿವಿರಿನ ಹಿಂದೆ ನಡುಮುಳ್ಳಿನ ತನಕ ಕೊಯ್ದು, ಅಲಗನ್ನು ಬಾಲದ ಕಡೆ ತಿರುಗಿಸಿ, ಮುಳ್ಳಿನ ಮೇಲೆಯೇ ಒರಗಿಸಿಕೊಂಡು ಎಳೆಯಬೇಕು. ಬಳುಕುವ ಅಲಗಾದರೆ ಮುಳ್ಳಿಗೆ ತಾಗುವ ಸಣ್ಣ ಟಿಕ್ ಟಿಕ್ ಸದ್ದು ಕೇಳಿಸುತ್ತದೆ. ಆ ಸದ್ದು ನಿಂತರೆ ಅಲಗು ಮಾಂಸದೊಳಗೆ ಹೋಗಿದೆ ಅಂತ ಅರ್ಥ. ನಾನು ಈಗ ಕಣ್ಣಿಗಿಂತ ಕಿವಿಯನ್ನೇ ಜಾಸ್ತಿ ನಂಬುತ್ತೇನೆ.

ಹಾಗಂತ ಬಳುಕು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲ್ಲ. ನನ್ನ ಎರಡನೇ ಚಾಕು 6 ಇಂಚಿನದು, ಕಾಗದದ ಹಾಗೆ ಬಾಗುತ್ತಿತ್ತು. ಸಣ್ಣ ಮೀನಿಗೆ ಬಹಳ ಚೆನ್ನಾಗಿತ್ತು. ಮೂರು ಕಿಲೋ ಮೀನಿಗೆ ಹಾಕಿದಾಗ ಅಲಗು ಎತ್ತಲೋ ಹೋಯಿತು, ಫಿಲೆಟ್ ಅಲೆ ಅಲೆಯಾಗಿ ಬಂತು. ಅದಕ್ಕೇ ಕೊಳ್ಳುವ ಮುಂಚೆ ನೀವು ಹೆಚ್ಚಾಗಿ ಯಾವ ಗಾತ್ರದ ಮೀನು ಬಿಡಿಸುತ್ತೀರಿ ಅಂತ ಯೋಚಿಸಿ. ಅಂಗೈ ಅಗಲದ ಮೀನಿಗೆ 6 ಇಂಚು ಸಾಕು. ಮಧ್ಯಮ ಗಾತ್ರಕ್ಕೆ 7 ಅಥವಾ 8. ದೊಡ್ಡ ಮೀನೇ ಜಾಸ್ತಿ ಅಂತಿದ್ದರೆ 9 ಇಂಚು, ಅದೂ ಸ್ವಲ್ಪ ಬಿಗಿಯಾದ ಅಲಗು.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಮರದ ಹಲಗೆಯ ಮೇಲೆ ಅಲಗಿನ ತುದಿಯನ್ನು ಮೆಲ್ಲಗೆ ಒತ್ತಿ. ನಡುವಿನಿಂದ ಮೊನೆಯವರೆಗೆ ಬಿಲ್ಲಿನ ಹಾಗೆ ಒಂದೇ ಸಮನೆ ಬಾಗಬೇಕು. ಬಿಟ್ಟ ತಕ್ಷಣ ನೆಟ್ಟಗಾಗಬೇಕು. ಒಂದೇ ಜಾಗದಲ್ಲಿ ಮುರಿದ ಹಾಗೆ ಬಾಗಿದರೆ ಅಲ್ಲೇ ಇಟ್ಟು ಬನ್ನಿ.

ಹಿಡಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಎರಡನೇ ಚಾಕುವಿಗೆ ಪಾಲಿಶ್ ಮಾಡಿದ ಮರದ ಹಿಡಿ ಇತ್ತು. ತುಂಬಾ ಚಂದ ಇತ್ತು. ಮೀನಿನ ಲೋಳೆ ತಾಗಿದಾಗ ಜಾರಿತು, ನನ್ನ ಬೆರಳಿಗೆ ಮೂರು ಹೊಲಿಗೆ ಬಿತ್ತು. ಈಗಿನ ಹಿಡಿ ಒದ್ದೆಯಾದರೂ ಜಾರುವುದಿಲ್ಲ, ಬೆರಳು ಅಲಗಿನ ಮೇಲೆ ಹೋಗದಂತೆ ಮುಂದೆ ಒಂದು ತಡೆಯೂ ಇದೆ. ಎಡಗೈಗೆ ಕಟ್ ಗ್ಲೌಸ್ ಕೂಡ ಹಾಕುತ್ತೇನೆ. ಅದು ಕೊಯ್ತವನ್ನು ತಡೆಯುತ್ತದೆ, ಮೊನೆ ಚುಚ್ಚುವುದನ್ನು ಪೂರ್ತಿ ತಡೆಯುವುದಿಲ್ಲ. ಇದು ನೆನಪಿರಲಿ.

ಇದರ ಸ್ಟೀಲ್ 1.4116 ಅನ್ನುವ ಜಾತಿಯದು. ಸುಮಾರು 0.5 ಶೇಕಡಾ ಇಂಗಾಲ, 15 ಶೇಕಡಾ ಕ್ರೋಮಿಯಂ. ಇದು ತೀರಾ ಗಡುಸಲ್ಲ. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಹರಿತವೂ ಆಗುತ್ತದೆ. ತುಂಬಾ ಗಡುಸಾದ ಸ್ಟೀಲ್ ಹರಿತವನ್ನು ಹೆಚ್ಚು ದಿನ ಉಳಿಸಿಕೊಳ್ಳುತ್ತದೆ, ನಿಜ. ಆದರೆ ಮುಳ್ಳಿಗೆ ತಾಗಿ ತಿರುಚಿದಾಗ ಅಂಚು ಚೂರು ಚೂರಾಗಿ ಉದುರಬಹುದು. ಮೀನಿನ ಕೆಲಸಕ್ಕೆ ನನಗೆ ಈ ಮೆತ್ತನೆಯದೇ ಸರಿ ಅನಿಸಿದೆ.

ಹರಿತ ಮಾಡುವುದರಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೊದಲ ವರ್ಷ, ಅಲಗನ್ನು ಸಂದಿಯಲ್ಲಿಟ್ಟು ಎಳೆಯುವ ಸಣ್ಣ ಶಾರ್ಪ್‌ನರ್ ಬಳಸಿದೆ. ಅದು ಸುಮ್ನೆ ಸ್ಟೀಲನ್ನು ಕೆರೆದು ತೆಗೆಯಿತು. ಅಲಗಿನ ಬುಡದ ಹತ್ತಿರ ಒಂದು ತಗ್ಗು ಬಿತ್ತು. ಅದನ್ನು ಸರಿಮಾಡಲು ಸಾಣೆಕಲ್ಲಿನ ಮೇಲೆ ಎರಡು ಸಂಜೆ ಹೋಯಿತು.

ಈಗ ಪ್ರತಿ ಸಲ ಶುರು ಮಾಡುವ ಮುಂಚೆ ಹೋನಿಂಗ್ ರಾಡ್ ಮೇಲೆ ಎರಡೂ ಬದಿ ಐದೈದು ಸಲ ಮೆಲ್ಲಗೆ ಸವರುತ್ತೇನೆ. ರಾಡ್ ಬಾಗಿದ ಅಂಚನ್ನು ನೆಟ್ಟಗೆ ಮಾಡುತ್ತದೆ, ಅಷ್ಟೇ. ಅದೂ ಸಾಲದು ಅನಿಸಿದಾಗ 1000 ಗ್ರಿಟ್ ಸಾಣೆಕಲ್ಲು, ಆಮೇಲೆ ಅದಕ್ಕಿಂತ ನಯವಾದ 3000. ಬದಿಗೆ ಸುಮಾರು 15 ಡಿಗ್ರಿ ಓರೆ. ಅಳೆಯುವುದು ಹೇಗೆ ಅಂತ ಕೇಳುತ್ತೀರಾ? ಅಲಗಿನ ಅಗಲ 2 ಸೆಂಟಿಮೀಟರ್ ಇದ್ದರೆ ಅದರ ಬೆನ್ನು ಕಲ್ಲಿನಿಂದ 5 ಮಿಲಿಮೀಟರ್ ಮೇಲಿರಬೇಕು. ಒಂದು ಬದಿ ಮಸೆಯುತ್ತಾ ಹೋದರೆ ಇನ್ನೊಂದು ಬದಿಯ ಅಂಚಿನಲ್ಲಿ ಬೆರಳಿಗೆ ಸಿಕ್ಕುವಂಥ ಸಣ್ಣ ಒರಟು ಏಳುತ್ತದೆ. ಆಗ ಬದಿ ಬದಲಿಸಿ. ಬಳುಕುವ ಅಲಗನ್ನು ಜೋರಾಗಿ ಒತ್ತಬಾರದು. ಒತ್ತಿದರೆ ಕಲ್ಲಿನ ಮೇಲೆಯೇ ಬಾಗುತ್ತದೆ, ಓರೆ ತಪ್ಪುತ್ತದೆ. ಇದನ್ನು ಕಲಿಯಲು ನನಗೆ ತಿಂಗಳುಗಳೇ ಬೇಕಾಯಿತು.

ಸ್ಟೇನ್‌ಲೆಸ್ ಅಂದರೆ ತುಕ್ಕು ಹಿಡಿಯುವುದೇ ಇಲ್ಲ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಒಮ್ಮೆ ಸಮುದ್ರದ ಮೀನು ಬಿಡಿಸಿ, ಸರಿಯಾಗಿ ಒರೆಸದೆ ಒರೆಗೆ ಸೇರಿಸಿ ಎರಡು ದಿನ ಮರೆತೆ. ತೆಗೆದಾಗ ಕಂದು ಚುಕ್ಕೆಗಳು. ಉಪ್ಪಿನಲ್ಲಿರುವ ಕ್ಲೋರೈಡ್ ಸ್ಟೀಲಿನ ರಕ್ಷಣೆಯ ಪದರವನ್ನೇ ಅಲ್ಲಲ್ಲಿ ತೂತು ಮಾಡುತ್ತದೆ. ಅಡುಗೆ ಸೋಡಾ ಕಲಸಿ ಉಜ್ಜಿದೆ, ಬಣ್ಣ ಹೋಯಿತು, ಎರಡು ಸಣ್ಣ ಗುಂಡಿ ಹಾಗೇ ಉಳಿದವು. ಅಂದಿನಿಂದ ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕೈಯಲ್ಲೇ ತೊಳೆದು, ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಇಟ್ಟು ಆಮೇಲೆ ಒರೆಗೆ ಹಾಕುತ್ತೇನೆ. ಡಿಶ್‌ವಾಶರ್‌ಗೆ ಹಾಕುವುದಿಲ್ಲ. ಚರ್ಮದ ಒರೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಅದರಲ್ಲಿ ಚಾಕು ಇಟ್ಟು ಮರೆಯಬೇಡಿ. ನನ್ನದು ಪ್ಲಾಸ್ಟಿಕ್ ಒರೆ. ಅದರ ತಳದಲ್ಲಿ ನೀರು ಇಳಿಯಲು ತೂತೇ ಇರಲಿಲ್ಲ. ಈ ಚಾಕುವಿನ ದೊಡ್ಡ ಕೊರತೆ ಇದೇ. ಕೊನೆಗೆ ನಾನೇ ಡ್ರಿಲ್ ಮಾಡಿಕೊಂಡೆ.

ಇದರಲ್ಲಿ ಹುರುಪೆ ಕೆರೆಯುವುದಿಲ್ಲ, ತಲೆ ಕಡಿಯುವುದಿಲ್ಲ, ಹೆಪ್ಪುಗಟ್ಟಿದ ಮೀನನ್ನು ಮೀಟುವುದಿಲ್ಲ. ಅವಕ್ಕೆಲ್ಲ ಹಳೆಯ ಅಡುಗೆ ಚಾಕು ಇದೆ. ಗಾಜು ಅಥವಾ ಸ್ಟೀಲಿನ ಹಲಗೆಯ ಮೇಲೆ ಕೊಯ್ದರೆ ಅಂಚು ಒಂದೇ ದಿನದಲ್ಲಿ ಹೋಗುತ್ತದೆ.

ನಾಲ್ಕು ವರ್ಷ ಮಸೆದು ಮಸೆದು ಅಲಗು ಸುಮಾರು 2 ಮಿಲಿಮೀಟರ್ ಕಿರಿದಾಗಿದೆ. ಬಳುಕು ಕೂಡ ಮೊದಲಿಗಿಂತ ಜಾಸ್ತಿಯಾಗಿದೆ. ಹಾಗಾಗಿ ಈಗ ಇದನ್ನು ಸಣ್ಣ ಮೀನಿಗೆ ಮತ್ತು ಚರ್ಮ ಬಿಡಿಸುವುದಕ್ಕೆ ಇಟ್ಟುಕೊಂಡಿದ್ದೇನೆ. ದೊಡ್ಡ ಮೀನಿಗೆ ಇದೇ ಚಾಕುವಿನ 9 ಇಂಚಿನದನ್ನು ಕಳೆದ ತಿಂಗಳು ತಂದೆ. ತಂದ ದಿನವೇ ಅದರ ಒರೆಗೂ ತೂತು ಹಾಕಿದೆ.