ಬೋರ್ ನೀರಿನ ಮನೆಗೆ ಆಫರ್ ಮಷಿನ್ ತರುವ ಮುಂಚೆ

ವಾಷಿಂಗ್ ಮಷಿನ್ನಿನ ಟಬ್ ಬಿಚ್ಚಿ ನೆಲಕ್ಕಿಟ್ಟಾಗ, ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ಕೈಗಳ ಅಲ್ಯೂಮಿನಿಯಂ ಎರಕದಲ್ಲಿ ಒಂದು ಕೈ ಮುರಿದಿತ್ತು. ರಿಪೇರಿಯವರು ಇದಕ್ಕೆ ಸ್ಪೈಡರ್ ಅನ್ನುತ್ತಾರೆ. ಉಳಿದೆರಡು ಕೈಗಳ ಮೇಲೆ ಬೂದುಬಣ್ಣದ ಹಿಟ್ಟು ಕೂತಿತ್ತು, ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಲೋಹವೇ ಪುಡಿಯಾಗಿ ಉದುರುತ್ತಿತ್ತು. ಕೆಳಗಿನ ಹೀಟರ್ ಸರಳು ಪೆನ್ಸಿಲಿನಷ್ಟು ತೆಳ್ಳಗಿರಬೇಕು. ಅದು ಸುಣ್ಣ ಕಟ್ಟಿ ಹೆಬ್ಬೆರಳಿನಷ್ಟು ದಪ್ಪವಾಗಿ ಒಂದು ಕಡೆ ಸೀಳಿತ್ತು. ಮೋಟಾರಿಗೆ ಏನೂ ಆಗಿರಲಿಲ್ಲ. 10 ವರ್ಷದ ವಾರಂಟಿ ಇದ್ದದ್ದು ಆ ಮೋಟಾರಿಗೆ ಮಾತ್ರ.

ಮಷಿನ್ ಕಲಬುರಗಿಯ ಸೇಡಂ ರಸ್ತೆ ಕಡೆಯ ಒಂದು ಮನೆಯದು. ಮೇಲಿನ ಮಹಡಿ, ಬೋರ್ ನೀರು, ನಾಲ್ಕು ಜನ. ದೀಪಾವಳಿ ಆಫರಿನಲ್ಲಿ ಕಂತಿನ ಮೇಲೆ ತಂದ 7 ಕೆಜಿ ಫ್ರಂಟ್ ಲೋಡ್, ಅಂದರೆ ಮುಂದಿನ ಬಾಗಿಲಿನಿಂದ ಬಟ್ಟೆ ಹಾಕುವ ಮಷಿನ್. ಮೊದಲ ವರ್ಷ ನೀರು ತುಂಬುವುದಿಲ್ಲ ಅಂತ ಮೂರು ಸಲ ದೂರು ಕೊಟ್ಟರು. ಎರಡನೇ ವರ್ಷ ಹೀಟರ್ ಸುಟ್ಟು ಮನೆಯ ಟ್ರಿಪ್ಪರ್ (ಕರೆಂಟ್ ಸೋರಿದರೆ ತಾನಾಗಿ ಬಂದ್ ಆಗುವ ಸ್ವಿಚ್) ಬೀಳತೊಡಗಿತು. ನಾಲ್ಕನೇ ವರ್ಷ ಸ್ಪೈಡರ್ ಹೋಯಿತು. ಟಬ್ ಪೂರ್ತಿ ಬದಲಿಸಬೇಕು ಅಂತ ಬಂದ ಅಂದಾಜು, ಹೊಸ ಮಷಿನ್ನಿನ ಅರ್ಧ ಬೆಲೆಗೆ ಹತ್ತಿರ ಇತ್ತು. ಕಂತು ತೀರಿ ಬಹಳ ದಿನ ಆಗಿರಲಿಲ್ಲ.

ಅಂಗಡಿಯಲ್ಲಿ ಬಣ್ಣ ಕೇಳಿದ್ದರು, ಎಷ್ಟು ಕೆಜಿ ಅಂತ ಕೇಳಿದ್ದರು, ಕಂತು ಎಷ್ಟು ತಿಂಗಳು ಅಂತ ಕೇಳಿದ್ದರು. ನಿಮ್ಮ ಮನೆಯ ನೀರು ಎಂಥದ್ದು, ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅಂತ ಯಾರೂ ಕೇಳಿರಲಿಲ್ಲ. ನಮ್ಮ ಕಡೆ ಮಷಿನ್ ಬಾಳುವುದೂ ಬಾಳದಿರುವುದೂ ಈ ಎರಡರ ಮೇಲೇ ನಿಂತಿದೆ. ಬಜೆಟ್ ಸಣ್ಣದಿದ್ದಷ್ಟೂ ಇವನ್ನು ಮೊದಲು ನೋಡಬೇಕು, ಯಾಕೆಂದರೆ ಎರಡನೇ ಮಷಿನ್ನಿಗೆ ದುಡ್ಡು ಇರುವುದಿಲ್ಲ.

ಮೊದಲು ನೀರು. ನಳದ ನೀರು ದಿನಾ ಬರುವುದಿಲ್ಲ, ಹಾಗಾಗಿ ಬಟ್ಟೆಗೆ, ಪಾತ್ರೆಗೆ ಬಹಳ ಮನೆಗಳಲ್ಲಿ ಬೋರ್ ನೀರೇ ಗತಿ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಆ 600ರ ಹತ್ತಿರದ ನೀರು ಕುಡಿಯಲು ಒಪ್ಪಿಗೆಯಾದರೂ ಹೀಟರಿಗೆ ವಿಷವೇ. ನೀರು ಕಾದಾಗ ಕರಗಿದ್ದ ಸುಣ್ಣ ಕಲ್ಲಾಗಿ ಸರಳಿನ ಮೇಲೆ ಕೂರುತ್ತದೆ. ಆಮೇಲೆ ಬಿಸಿ ನೀರಿಗೆ ಇಳಿಯದೆ ಸರಳಿನಲ್ಲೇ ಉಳಿದು, ಸರಳು ಅತಿಯಾಗಿ ಕಾದು ಸೀಳುತ್ತದೆ. ಸೀಳಿನಲ್ಲಿ ನೀರು ನುಗ್ಗಿದರೆ ಟ್ರಿಪ್ಪರ್ ಬೀಳುತ್ತದೆ. ಟ್ರಿಪ್ಪರ್ ಇಲ್ಲದ, ಅರ್ಥಿಂಗ್ ಇಲ್ಲದ ಮನೆಯಲ್ಲಿ ಶಾಕ್ ಹೊಡೆಯುತ್ತದೆ.

ನಿಮ್ಮ ನೀರು ಹೇಗಿದೆ ಅಂತ ತಿಳಿಯಲು ಖರ್ಚೇ ಬೇಡ. ಸ್ನಾನದ ನೀರು ಕಾಯಿಸುವ ಕಾಯಿಲ್ ರಾಡನ್ನು ತೆಗೆದು ನೋಡಿ. ಒಂದೆರಡು ತಿಂಗಳಲ್ಲೇ ಬಿಳಿ ಹೆಕ್ಕಳಿಕೆ ಕಟ್ಟಿ, ತಟ್ಟಿದರೆ ಚಿಪ್ಪು ಚಿಪ್ಪಾಗಿ ಉದುರಿದರೆ, ಹೀಟರ್ ಇರುವ ಮಷಿನ್ನಿನೊಳಗೂ ಅದೇ ಆಗುತ್ತದೆ. ಅಂಗಡಿಯವರು ಟಿಡಿಎಸ್ ಮೀಟರ್ ಅದ್ದಿ ತೋರಿಸುವ ಅಂಕಿ ಗಡಸುತನದ ಅಂಕಿಯಲ್ಲ. ಅದು ಕರಗಿದ ಎಲ್ಲ ಲವಣಗಳ ಲೆಕ್ಕ, ಸುಣ್ಣ ಎಷ್ಟು, ಉಪ್ಪು ಎಷ್ಟು ಅಂತ ಅದಕ್ಕೆ ಬೇರೆ ಮಾಡಲು ಬರುವುದಿಲ್ಲ. ಅಂಕಿಯೇ ಬೇಕಿದ್ದರೆ ಹನಿ ಹಾಕಿ ಬಣ್ಣ ಬದಲಾಗುವುದನ್ನು ಎಣಿಸುವ ಹಾರ್ಡ್‌ನೆಸ್ ಕಿಟ್ ತನ್ನಿ. ಪೈಪಿಗೆ ಸುತ್ತುವ ಅಯಸ್ಕಾಂತದ ಸಾಧನಕ್ಕೆ ದುಡ್ಡು ಹಾಕಬೇಡಿ, ನೀರಿನಿಂದ ಅದು ಒಂದು ಚೂರೂ ಕ್ಯಾಲ್ಸಿಯಂ ತೆಗೆಯುವುದಿಲ್ಲ.

ಸ್ಪೈಡರ್ ಕೆಡುವ ದಾರಿ ಬೇರೆ. ಗಡಸು ನೀರಿನಲ್ಲಿ ನೊರೆ ಬರುವುದಿಲ್ಲ ಅಂತ ಪುಡಿ ಜಾಸ್ತಿ ಹಾಕುತ್ತಾರೆ. ಸುಣ್ಣ ಮತ್ತು ಸಾಬೂನು ಸೇರಿ ಜಿಡ್ಡಾಗಿ ಡ್ರಮ್ಮಿನ ಹಿಂದೆ, ಕಣ್ಣಿಗೆ ಕಾಣದ ಕಡೆ ಅಂಟುತ್ತದೆ. ಪುಡಿಯ ಕ್ಷಾರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಪಕ್ಕದಲ್ಲೇ ಸ್ಟೀಲ್ ಡ್ರಮ್ ಇರುವುದರಿಂದ ತಿನ್ನುವ ವೇಗ ಇನ್ನೂ ಹೆಚ್ಚು. ಒಗೆದ ಕೂಡಲೇ ಬಾಗಿಲು ಮುಚ್ಚಿಟ್ಟರೆ ತೇವವೂ ಅಲ್ಲೇ ಉಳಿಯುತ್ತದೆ.

ಅದಕ್ಕೆ ಸೇರಿದ್ದು ಕೌದಿ. ಆ ಮನೆಯಲ್ಲಿ ಬೇಸಿಗೆಯಲ್ಲಿ ಕೌದಿಗಳನ್ನೆಲ್ಲ ಮಷಿನ್ನಿಗೇ ಹಾಕಿದ್ದರು. ಒಣ ಕೌದಿ 3 ಕೆಜಿ ತೂಗಿದರೂ ನೀರು ಕುಡಿದಾಗ ಎರಡು ಪಟ್ಟಿಗೂ ಮೀರುತ್ತದೆ. ಅದು ಬಿಡಿಬಿಡಿಯಾಗಿ ಹರಡುವುದಿಲ್ಲ, ಒಂದೇ ಮುದ್ದೆಯಾಗಿ ಒಂದು ಕಡೆಗೆ ಕೂತು, ಸ್ಪಿನ್ನಿನಲ್ಲಿ ಡ್ರಮ್ಮನ್ನು ಆ ಕಡೆಗೆ ಎಳೆಯುತ್ತದೆ. ಆ ಹೊಡೆತವೆಲ್ಲ ಬೇರಿಂಗಿಗೆ, ಶಾಕ್ ಅಬ್ಸಾರ್ಬರಿಗೆ, ಮೊದಲೇ ತುಕ್ಕು ತಿಂದ ಸ್ಪೈಡರಿಗೆ. ಕೌದಿಯನ್ನು ಪರಸಿ ಕಲ್ಲಿನ ಮೇಲೆಯೇ ಒಗೆಯಿರಿ, ಯಾವ ಮಷಿನ್ನಿಗೂ ಹಾಕಬೇಡಿ. ಡಬ್ಬಿಯ ಮೇಲಿನ 7 ಕೆಜಿ ಅನ್ನುವುದು ಒಣ ಹತ್ತಿ ಬಟ್ಟೆಯ ತೂಕ, ಅದೂ ಕಾಟನ್ ಪ್ರೋಗ್ರಾಮಿಗೆ ಮಾತ್ರ. ಸಿಂಥೆಟಿಕ್ಕಿಗೆ ಸುಮಾರು ಅರ್ಧ, ಬೇಗ ಮುಗಿಯುವ ಕ್ವಿಕ್ ವಾಶಿಗೆ 2 ಕೆಜಿ ಆಸುಪಾಸು.

ಇನ್ನು ನೀರಿನ ಒತ್ತಡ, ಮೇಲಿನ ಮಹಡಿಯವರು ಇದನ್ನು ನೋಡದೆ ಮಷಿನ್ ತರಲೇಬಾರದು. ಟ್ಯಾಂಕಿನ ತಳದಿಂದ ಮಷಿನ್ನಿಗೆ ನೀರು ಸೇರುವ ಇನ್ಲೆಟ್‌ವರೆಗಿನ ಎತ್ತರ 1 ಮೀಟರ್ ಇದ್ದರೆ ಒತ್ತಡ ಸುಮಾರು 0.1 ಬಾರ್. ಬಹಳಷ್ಟು ಫ್ರಂಟ್ ಲೋಡ್ ಮಷಿನ್ನುಗಳು ಕನಿಷ್ಠ 0.3 ಬಾರ್ ಕೇಳುತ್ತವೆ, ಅಂದರೆ 3 ಮೀಟರ್. ಟ್ಯಾಂಕ್ ನೇರ ನೆತ್ತಿಯ ಮೇಲಿನ ತಾರಸಿಯಲ್ಲೇ ಕೂತಿದ್ದರೆ ಆ 3 ಮೀಟರ್ ಸಿಗುವುದೇ ಕಷ್ಟ. ಬಾಗಿದ, ಸುಣ್ಣ ಕಟ್ಟಿದ ಹಳೆಯ ಪೈಪಿನಲ್ಲಿ ಇನ್ನಷ್ಟು ಇಳಿಯುತ್ತದೆ. ನೀರು ನಿಧಾನವಾದರೆ ಮಷಿನ್ ಹೊತ್ತು ಮೀರಿತು ಅಂತ ನಿಂತುಬಿಡುತ್ತದೆ. ಎಲ್‌ಜಿಯಲ್ಲಿ ಪರದೆಯ ಮೇಲೆ ಐಇ (IE) ಅಂತ ಬರುವುದು ಇದಕ್ಕೇ. ಕಡಿಮೆ ಒತ್ತಡದಿಂದ ಇನ್ನೊಂದು ತೊಂದರೆ ಇದೆ, ಬಹಳ ಜನರಿಗೆ ಗೊತ್ತಿಲ್ಲ: ಇನ್ಲೆಟ್ ವಾಲ್ವಿನ ರಬ್ಬರು ಬಿಗಿಯಾಗಿ ಮುಚ್ಚಲಿಕ್ಕೂ ನೀರಿನ ಒತ್ತಡವೇ ಬೇಕು. ಒತ್ತಡ ಸಾಲದಿದ್ದರೆ ಮಷಿನ್ ಬಂದ್ ಇದ್ದಾಗಲೂ ಹನಿ ಹನಿಯಾಗಿ ಟಬ್ಬಿನೊಳಗೆ ನೀರು ಇಳಿಯುತ್ತದೆ. ಒಗೆದಾದ ಮೇಲೆ ನಳ ಬಂದ್ ಮಾಡುವ ರೂಢಿ ಇರಲಿ.

ಮಷಿನ್ ಇಡುವ ಜಾಗದ ನಳವನ್ನು ಪೂರ್ತಿ ತಿರುಗಿಸಿ 10 ಲೀಟರ್ ಬಕೆಟ್ ಇಡಿ. ತುಂಬಲು 2 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಒತ್ತಡ ಸಾಲದು, ವಾಲ್ವಿನ ಸಣ್ಣ ರಂಧ್ರದಲ್ಲಿ ಅದಕ್ಕಿಂತಲೂ ನಿಧಾನವೇ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗಲೇ ಅಳೆಯಿರಿ. ಪಂಪ್ ಹಾಕಿಸಿದರೆ ಸರಿಹೋಗುತ್ತದೆ, ಆದರೆ ಆ ಖರ್ಚನ್ನೂ ಮಷಿನ್ನಿನ ಬೆಲೆಗೇ ಸೇರಿಸಿ ನೋಡಿ. ಆ ಮನೆಗೆ ಮೂರು ಸಲ ಬಂದವರು ವಾಲ್ವಿನ ಜಾಳಿಗೆಯಲ್ಲಿದ್ದ ಮರಳು ತೊಳೆದು ಹೋದರೇ ಹೊರತು ಒತ್ತಡ ಅಳೆಯಲಿಲ್ಲ.

ಕರೆಂಟಿನ ವಿಷಯ ಚಿಕ್ಕದಲ್ಲ, ಆದರೆ ಪರೀಕ್ಷೆ ಸುಲಭ. ಬೇಸಿಗೆಯ ಸಂಜೆ 7ರಿಂದ 10ರ ನಡುವೆ, ಕೂಲರುಗಳೆಲ್ಲ ಓಡುತ್ತಿರುವಾಗ, ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆಸಿ. 190ರ ಕೆಳಗೆ ಇಳಿಯುತ್ತಿದ್ದರೆ ಸ್ಟೆಬಿಲೈಸರ್ ಬೇಕು. ಹೀಟರ್ ಇಲ್ಲದ ಟಾಪ್ ಲೋಡಿಗೆ ಸುಮಾರು 1.5 ಕೆವಿಎ ಸಾಕು, 2000 ವ್ಯಾಟ್ ಹೀಟರ್ ಇರುವುದಕ್ಕೆ 3 ಕೆವಿಎ. ಟಿವಿ ಸ್ಟೆಬಿಲೈಸರ್ ಇದಕ್ಕೆ ಆಗುವುದಿಲ್ಲ. ಹೀಟರ್ 9 ಆಂಪಿಯರ್ ಆಸುಪಾಸು ಎಳೆಯುವುದರಿಂದ 16 ಆಂಪಿಯರ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬೋರ್ಡು ಕರಗುತ್ತದೆ. ಅರ್ಥಿಂಗ್ ನೋಡಲು ಫೇಸ್–ನ್ಯೂಟ್ರಲ್ ಮತ್ತು ಫೇಸ್–ಅರ್ಥ್ ಎರಡೂ ಅಳೆಯಿರಿ, ಹತ್ತಿರ ಹತ್ತಿರ ಒಂದೇ ಇರಬೇಕು. ಒದ್ದೆ ಕೈಯಲ್ಲಿ ಡ್ರಮ್ ಮುಟ್ಟಿದರೆ ಜುಂ ಅನ್ನುವುದು ಬಹಳ ಸಲ ಮಷಿನ್ನಿನ ದೋಷವಲ್ಲ. ಒಳಗಿನ ವಿದ್ಯುತ್ ಫಿಲ್ಟರಿನ (ನೀರಿನ ಫಿಲ್ಟರ್ ಅಲ್ಲ) ಸಣ್ಣ ಸೋರಿಕೆ ಕರೆಂಟಿಗೆ ಇಳಿಯಲು ದಾರಿ ಇಲ್ಲದೆ ಮೈಗೆ ಬರುತ್ತದೆ. ಹಾಗಂತ ಹಾಗೆಯೇ ಬಿಡಬೇಡಿ, ಅರ್ಥಿಂಗ್ ಸರಿಯಾಗುವವರೆಗೆ ಮಷಿನ್ ಓಡಿಸಬೇಡಿ. ಬೇಸಿಗೆಯಲ್ಲಿ ಎರೆಮಣ್ಣು ಬಿರಿದು ಅರ್ಥಿಂಗ್ ಗುಂಡಿ ಒಣಗುತ್ತದೆ, ಆಗಾಗ ನೀರು ಹಾಕಿ.

ಹಾಗಾದರೆ ಏನು ತರಬೇಕು? ಬೋರ್ ನೀರು, ಒತ್ತಡ ಕಡಿಮೆ, ಕೈಯಲ್ಲಿ 15 ಸಾವಿರದ ಒಳಗೆ: ಒಗೆಯಲು ಒಂದು, ಹಿಂಡಲು ಇನ್ನೊಂದು ಟಬ್ ಇರುವ ಸೆಮಿ ಆಟೋಮ್ಯಾಟಿಕ್ಕೇ ಸರಿ. ಬಕೆಟ್ಟಿನಿಂದಲೂ ನೀರು ತುಂಬಿಸಬಹುದು, ಹೀಟರ್ ಇಲ್ಲ, ಸರಳ ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ಬೋರ್ಡೂ ಇಲ್ಲ. ಕೆಡುವುದು ಟೈಮರ್, ಕೆಪ್ಯಾಸಿಟರ್, ಬೆಲ್ಟ್, ಸ್ಪಿನ್ ಸೀಲ್, ಬ್ರೇಕ್ ತಂತಿ. ಊರಿನ ಮೆಕ್ಯಾನಿಕ್ಕೇ ಹಾಕಿಕೊಡುತ್ತಾನೆ. ಸ್ಪಿನ್ನರ್ ಕೆಳಗಿನ ಸೀಲ್ ಸೋರಿದರೆ ತಡಮಾಡದೆ ಬದಲಿಸಿ, ಇಲ್ಲದಿದ್ದರೆ ಅಗ್ಗದ ರಬ್ಬರಿಗಾಗಿ ಕೆಳಗಿನ ಮೋಟಾರು ತುಕ್ಕು ಹಿಡಿಯುತ್ತದೆ. ನೀರು ತಾನಾಗಿ ಇಳಿದು ಹೋಗುವ ಮಷಿನ್ ಇದು, ಡ್ರೈನ್ ಪೈಪನ್ನು ಎತ್ತರಕ್ಕೆ ಕಟ್ಟಬಾರದು. ಒಂದು ಕಷ್ಟ ನಿಜ: ಒದ್ದೆ ಬಟ್ಟೆ ಎತ್ತಿ ಸ್ಪಿನ್ನರಿಗೆ ಹಾಕಬೇಕು. ಸೊಂಟ ನೋವಿನವರೇ ಒಗೆಯುವ ಮನೆಯಾದರೆ ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

ಅಂಥ ಮನೆಗೆ 15–20 ಸಾವಿರದ, ಹೀಟರ್ ಇಲ್ಲದ ಟಾಪ್ ಲೋಡ್ ನೋಡಿ. ಕೈಪಿಡಿಯಲ್ಲಿ ಕನಿಷ್ಠ ನೀರಿನ ಒತ್ತಡದ ಅಂಕಿ ಬರೆದಿರುತ್ತದೆ, ಅಂಗಡಿಯಲ್ಲೇ ತೆರೆಸಿ ಓದಿ. ಕಡಿಮೆ ಒತ್ತಡಕ್ಕೆಂದೇ ಮಾಡಿದ ಮಾದರಿಗಳೂ ಇವೆ. ತಳ ತೆರೆದಿದ್ದರೆ ಇಲಿ ಜಾಳಿಗೆ ಕೇಳಿ ಹಾಕಿಸಿ, ವೈರ್ ಕಡಿದರೆ ವಾರಂಟಿಯಲ್ಲಿ ಬರುವುದಿಲ್ಲ. ಫ್ರಂಟ್ ಲೋಡ್ ನೀರು ಉಳಿಸುತ್ತದೆ, ಬಟ್ಟೆಯೂ ಚೆನ್ನಾಗಿ ಒಗೆಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಮೆದು ನೀರು, ಒತ್ತಡ, ಅರ್ಥಿಂಗ್ ಮೂರೂ ಇರುವ ಮನೆಯ ಮಷಿನ್.

ಈಗಾಗಲೇ ಫ್ರಂಟ್ ಲೋಡ್ ಇದ್ದವರು ಉಷ್ಣತೆಯನ್ನು ಕೋಲ್ಡ್‌ಗೆ ಇಟ್ಟು ಒಗೆಯಿರಿ. ಕಾಟನ್ ಪ್ರೋಗ್ರಾಂ ಒತ್ತಿದರೆ ಬಹಳಷ್ಟು ಮಷಿನ್ನುಗಳಲ್ಲಿ ಹೀಟರ್ ತಾನಾಗಿಯೇ ಹತ್ತುತ್ತದೆ. ಏಪ್ರಿಲ್, ಮೇ ಮಧ್ಯಾಹ್ನ ನಮ್ಮ ತಾರಸಿ ಟ್ಯಾಂಕಿನ ನೀರೇ ಕಾದಿರುತ್ತದೆ, ಹೀಟರ್ ಬೇಕಿಲ್ಲ. ಎರಡು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 100ರಿಂದ 150 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ 60 ಡಿಗ್ರಿಯಲ್ಲಿ ಓಡಿಸಿ. ಅದರ ಜೊತೆ ಬ್ಲೀಚಿಂಗ್ ಮಾತ್ರ ಎಂದಿಗೂ ಹಾಕಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ.

ಕೊಳ್ಳುವಾಗ ಮೋಟಾರಿನ ವಾರಂಟಿ ಬಿಡಿ, ಇಡೀ ಮಷಿನ್ನಿಗೆ ಎಷ್ಟು ವರ್ಷ, ಟಬ್, ಬೋರ್ಡ್, ಹೀಟರ್ ಸೇರಿದೆಯೇ, ಕೂಲಿ ಸೇರಿದೆಯೇ ಅಂತ ಕೇಳಿ, ಬಿಲ್ಲಿನ ಮೇಲೆ ಬರೆಸಿ. ಟಬ್ ಬೋಲ್ಟಿನದೋ ಬೆಸುಗೆಯದೋ ಅಂತಲೂ ಕೇಳಿ. ಬೆಸುಗೆಯದಾದರೆ ಬೇರಿಂಗ್ ಹೋದರೂ ಇಡೀ ಟಬ್ಬೇ ಬದಲಾಗಬೇಕು. ದುಡ್ಡು ಕೊಡುವ ಮುಂಚೆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ, ಸರ್ವಿಸ್ ಎಲ್ಲಿಂದ ಬರುತ್ತದೆ ಅಂತ ಕೇಳಿ. ಚಿಂಚೋಳಿ, ಆಳಂದ, ಔರಾದ್, ಸುರಪುರದವರಿಗೆ ಇದು ತೀರಾ ಮುಖ್ಯ. ಮೆಕ್ಯಾನಿಕ್ ಹೈದರಾಬಾದಿನಿಂದಲೋ ಸೋಲಾಪುರದಿಂದಲೋ ಬರಬೇಕಾದರೆ ಬೇರೆ ಮಾದರಿ ನೋಡಿ.

ಮಷಿನ್ ಮನೆಗೆ ಬಂದಾಗ ಡಬ್ಬಿ ನಿಮ್ಮೆದುರೇ ತೆರೆಸಿ. ತಯಾರಾದ ತಿಂಗಳು, ವರ್ಷ ನೋಡಿ. ಸೀರಿಯಲ್ ಸಂಖ್ಯೆ ಡಬ್ಬಿ, ಮಷಿನ್ ಮತ್ತು ಬಿಲ್ ಮೂರರಲ್ಲೂ ಒಂದೇ ಇರಬೇಕು, ಇಲ್ಲದಿದ್ದರೆ ಶೋರೂಮಿನ ಪೀಸ್ ಇರಬಹುದು. ಫ್ರಂಟ್ ಲೋಡಿನ ಹಿಂದೆ ಸಾಗಾಣಿಕೆಗೆ ಹಾಕಿದ ಉದ್ದ ಬೋಲ್ಟುಗಳಿರುತ್ತವೆ. ಅವನ್ನು ಬಿಚ್ಚದೆ ಓಡಿಸಿದರೆ ಮಷಿನ್ ನಡೆದಾಡುತ್ತದೆ, ಒಳಗೂ ಮುರಿಯುತ್ತದೆ. ಬಿಚ್ಚಿದ ಮೇಲೆ ಎಸೆಯಬೇಡಿ, ಬಾಡಿಗೆ ಮನೆ ಬದಲಿಸುವಾಗ ಮತ್ತೆ ಹಾಕಬೇಕು. ಪರಸಿ ಹಾಸಿದ ನೆಲ ಏರುಪೇರು ಇರುತ್ತದೆ, ನಾಲ್ಕೂ ಕಾಲು ತಿರುಗಿಸಿ ಮಟ್ಟ ಮಾಡಿಸಿ, ಮೂಲೆಯಿಂದ ಮೂಲೆಗೆ ಒತ್ತಿ ನೋಡಿ.

ದೂರು ಕೊಟ್ಟಾಗಲೆಲ್ಲ ದೂರಿನ ಸಂಖ್ಯೆ, ದಿನಾಂಕ, ಬಂದವರು ಬರೆದ ಜಾಬ್ ಶೀಟಿನ ಫೋಟೋ ಇಟ್ಟುಕೊಳ್ಳಿ. ಆ ಮನೆಯಲ್ಲಿ ಮೂರು ಭೇಟಿಯ ಒಂದು ಚೀಟಿಯೂ ಇರಲಿಲ್ಲ. ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ತಕರಾರು ಹುಟ್ಟಿದ 2 ವರ್ಷದೊಳಗೆ ಹಾಕಬೇಕು.